ನಾಲ್ಕು ವಾರ ದಾಟಿದ ಕೆಮ್ಮು

ನಮ್ಮಕ್ಕನ ಮಗನಿಗೆ ಆರು ವರ್ಷ. ಕುಣಿಗಲ್ ಕಡೆಯ ನಮ್ಮೂರಿಂದ ಕಾಮಾಕ್ಷಿಪಾಳ್ಯಕ್ಕೆ ಬಂದ ಮೇಲೆ ಅವನಿಗೆ ಕೆಮ್ಮು ಹಿಡಿಯಿತು. ಭಾವನಿಗೆ ಅಲ್ಲೇ ಒಂದು ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಕೆಲಸ. ಒಂದೇ ರೂಮಿನ ಮನೆ, ಕಿಟಕಿ ತೆಗೆದರೆ ಮಾಗಡಿ ರಸ್ತೆಯ ಧೂಳು, ಮುಚ್ಚಿದರೆ ಸೊಳ್ಳೆ ಬತ್ತಿಯ ಹೊಗೆ. ಹಗಲೆಲ್ಲ ಚೆನ್ನಾಗಿ ಆಡುವ ಹುಡುಗ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೆಮ್ಮುತ್ತಿದ್ದ. ಮೂರು ಬಾಟಲಿ ಸಿರಪ್ ಮುಗಿದಿತ್ತು.

ನೆಗಡಿಯ ಕೆಮ್ಮು ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ನಾಲ್ಕು ವಾರ ದಾಟಿದರೆ ಕಾರಣ ಹುಡುಕಬೇಕು. ಇವನದು ಏಳನೇ ವಾರ. ರಾಜಾಜಿನಗರದ ಮಕ್ಕಳ ಡಾಕ್ಟರ್ ಔಷಧಿ ಬರೆಯುವ ಮೊದಲು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಕೆಮ್ಮು ರಾತ್ರಿ ಜಾಸ್ತಿಯಾ? ಓಡಿದರೆ ಬರುತ್ತಾ? ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ? ಸಂಜೆ ಜ್ವರ, ತೂಕ ಇಳಿಯುವುದು? ಎರಡು ವಾರ ದಾಟಿದ ಕೆಮ್ಮಿನ ಜೊತೆ ಇವು ಇದ್ದರೆ ಟಿಬಿ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಇನ್ನೊಂದು ಪ್ರಶ್ನೆ ನನಗೆ ವಿಚಿತ್ರ ಅನ್ನಿಸಿತು. "ಕಡ್ಲೆಬೀಜ ತಿನ್ನುವಾಗ ಗಂಟಲಿಗೆ ಸಿಕ್ಕಿ ಒಮ್ಮೆಲೇ ಶುರುವಾಯಿತಾ?" ಸಣ್ಣ ಮಕ್ಕಳಲ್ಲಿ ಬೀಜ ಶ್ವಾಸನಾಳಕ್ಕೆ ಹೋಗಿ ವಾರಗಟ್ಟಲೆ ಕೂತಿರುತ್ತದಂತೆ. ಎಕ್ಸ್‌ರೇಯಲ್ಲಿ ಬೀಜ ಸಾಮಾನ್ಯವಾಗಿ ಕಾಣುವುದಿಲ್ಲ, ಅದಕ್ಕೇ ತಾಯಿ ಹೇಳುವುದು ಮುಖ್ಯ. ಕಡಲೆಕಾಯಿ ಬೆಳೆಯುವ ನಮ್ಮ ಕಡೆಯವರು ಇದನ್ನು ತಿಳಿದಿರಬೇಕು.

ಇವನದು ಅಸ್ತಮಾ. ಬೆಂಗಳೂರಿನ ಡಾ. ಎಚ್. ಪರಮೇಶ್ ಲೆಕ್ಕ ಹಾಕಿದ ಪ್ರಕಾರ ಇಲ್ಲಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಗಿತ್ತು. ವಾಹನ ಹೆಚ್ಚಿರುವ ರಸ್ತೆ ಪಕ್ಕದ ಶಾಲೆಗಳ ಬಡ ಮಕ್ಕಳಲ್ಲಿ ಇನ್ನೂ ಜಾಸ್ತಿ.

ಇನ್‌ಹೇಲರ್ ಅಂದ ಕೂಡಲೇ ಅಕ್ಕ ಅತ್ತಳು. "ಪಂಪು ಹಿಡಿದರೆ ಬಿಡೋದೇ ಇಲ್ಲ" ಅನ್ನುವ ಮಾತು ಎಲ್ಲ ಊರಲ್ಲೂ ಇದೆಯಲ್ಲ. ಡಾಕ್ಟರ್ ಬಿಡಿಸಿ ಹೇಳಿದರು: ಮಾತ್ರೆಯಲ್ಲಿ ಔಷಧಿ ಮಿಲಿಗ್ರಾಂ ಲೆಕ್ಕ, ಪಂಪಿನಲ್ಲಿ ಮೈಕ್ರೋಗ್ರಾಂ, ಅಂದರೆ ಅದರ ಸಾವಿರದಲ್ಲೊಂದು ಪಾಲಿನ ಲೆಕ್ಕ. ಅದೂ ನೇರ ಶ್ವಾಸಕೋಶಕ್ಕೇ ಹೋಗುತ್ತದೆ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಹಚ್ಚಿ ಎಳೆದುಕೊಳ್ಳಬೇಕು, ಆಮೇಲೆ ಬಾಯಿ ಮುಕ್ಕಳಿಸಬೇಕು. ಚಟ ಹಿಡಿಯುವುದಿಲ್ಲ.

ಸಿರಪ್ಪಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತರು. ಎರಡು ವರ್ಷದೊಳಗಿನವರಿಗೆ ಕೆಮ್ಮಿನ ಸಿರಪ್ ಬೇಡವೆಂದು ಕೇಂದ್ರ ಸರ್ಕಾರವೇ ಹೇಳಿದೆ. ಒಂದು ವರ್ಷದೊಳಗೆ ಜೇನುತುಪ್ಪವೂ ಬೇಡ. ಮಗುವಿನ ಪಕ್ಕೆ ಒಳಗೆ ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ.

ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿದ್ದಾರೆ. ಎರಡು ತಿಂಗಳಿಂದ ಹುಡುಗ ರಾತ್ರಿ ನಿದ್ದೆ ಮಾಡುತ್ತಿದ್ದಾನೆ. ಈಗಿನ ಚಿಂತೆ ಬೇಸಿಗೆ ರಜೆಯದು. ಊರಲ್ಲಿ ಅವ್ವನದು ಸೌದೆ ಒಲೆ, ಹೊಗೆ ಹಟ್ಟಿಯೆಲ್ಲ ತುಂಬುತ್ತದೆ. ಕೇಳಿದ್ದಕ್ಕೆ, "ಅವನಿರೋಗಂಟ ಗ್ಯಾಸಲ್ಲೇ ಬೇಯಿಸ್ತೀನಿ ಬುಡು, ಮುದ್ದೆ ಮಾತ್ರ ಹಿತ್ತಲಲ್ಲಿ ಒಲೆ ಹೂಡ್ತೀನಿ" ಅಂದಿದ್ದಾಳೆ.