ಸಂಕಟ ಮಾತಾಡುವ ಭಾಷೆ

'ಬೇಸರ' ಕನ್ನಡದ ಬಹು ಹಳೆಯ ಮಾತು. 'ಬೇಜಾರು' ಪಾರಸಿಯಿಂದ ಬಂದು ನಮ್ಮಲ್ಲೇ ನೆಲೆನಿಂತ ಪದ. ಮಳೆಗೆ ಲೋಕಲ್ ರೈಲು ನಿಂತರೂ ನಮಗೆ ಬೇಜಾರು, ಮಗ ವಾರವಿಡೀ ಫೋನ್ ಮಾಡದಿದ್ದರೂ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. ಒಂದೇ ಪದ ಇಷ್ಟೆಲ್ಲವನ್ನೂ ಹೊರುವುದರಿಂದ, ಎದುರಿಗಿರುವವರ ಬೇಜಾರು ಯಾವ ಬಗೆಯದೆಂದು ಕೇಳುವವರಿಗೆ ತಿಳಿಯದು. ಹೇಳುವವರಿಗೂ ಅದರ ಮರೆಯಲ್ಲಿ ನಿಲ್ಲುವುದು ಸುಲಭ.

ಡೊಂಬಿವಲಿಯಲ್ಲಿರುವ ನನ್ನ ಅಕ್ಕ ಹಲವು ತಿಂಗಳು ಹಾಗೆಯೇ ನಿಂತಿದ್ದಳು. ಭಾವನವರು ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿಬ್ಬರೂ ಬೇರೆ ಊರಿನಲ್ಲಿದ್ದರು. ಠಾಣೆಯಿಂದ ನಾನು ಫೋನ್ ಮಾಡಿದಾಗಲೆಲ್ಲ ಉತ್ತರ ಒಂದೇ: "ಏನಿಲ್ಲೋ, ಬ್ಯಾಸರಾಗ್ಯದ ಅಷ್ಟ." ಕ್ರಮೇಣ ತಲೆನೋವು ಬಂತು, ಎದೆಯಲ್ಲಿ ಭಾರ ಬಂತು, ನಸುಕಿನ ಮೂರಕ್ಕೇ ಎಚ್ಚರವಾಗುವುದು ರೂಢಿಯಾಯಿತು. ವೈದ್ಯರು ಹೃದಯದ ಪರೀಕ್ಷೆ ಮಾಡಿಸಿದರು. ರಕ್ತದ ಕೊರತೆ, ಥೈರಾಯ್ಡ್, ಬಿ-12 ಎಲ್ಲವನ್ನೂ ನೋಡಿದರು. ಇಂಥ ಕೊರತೆಗಳೂ ಮನಸ್ಸನ್ನು ಕುಗ್ಗಿಸಬಲ್ಲವಾದ್ದರಿಂದ ಆ ಪರೀಕ್ಷೆಗಳು ಅಗತ್ಯವೇ ಆಗಿದ್ದವು. ವರದಿಗಳೆಲ್ಲ ಸರಿಯಾಗಿದ್ದವು. ಆಪ್ತಸಮಾಲೋಚಕರನ್ನು ಕಾಣುವಂತೆ ವೈದ್ಯರು ಸೂಚಿಸಿದರು.

ಆ ಸಮಾಲೋಚಕಿ ಒಳ್ಳೆಯವರು, ತಾಳ್ಮೆಯುಳ್ಳವರು. ಅವರು ಹಿಂದಿಯಲ್ಲಿ ಕೇಳಿದರು, ಮರಾಠಿಯಲ್ಲೂ ಕೇಳಿದರು. ಅಕ್ಕನ ಉತ್ತರ ಒಮ್ಮೆ 'ಠೀಕ್ ಹೈ', ಇನ್ನೊಮ್ಮೆ 'ಬರಂ ಆಹೆ'. ನಲವತ್ತು ವರ್ಷ ಆ ಎರಡು ಭಾಷೆಗಳಲ್ಲಿ ಅವಳು ತರಕಾರಿ ಕೊಂಡಿದ್ದಾಳೆ, ಬ್ಯಾಂಕಿನ ಕೆಲಸ ಮಾಡಿಸಿದ್ದಾಳೆ, ನೆರೆಮನೆಯ ಬಾಣಂತನಕ್ಕೆ ನೆರವಾಗಿದ್ದಾಳೆ. ಆದರೆ ಆ ಭಾಷೆಗಳಲ್ಲಿ ಅವಳು ಎಂದೂ ಅತ್ತವಳಲ್ಲ. ಧಾರವಾಡದ ಕಡೆ 'ಹಳಹಳಿ' ಎನ್ನುತ್ತೇವೆ: ಆಗಿಹೋದುದನ್ನು ನೆನೆನೆನೆದು ಒಳಗೊಳಗೇ ಬೇಯುವುದು. ಆ ಒಂದು ಮಾತಿಗೆ ಸಮನಾದುದು ಅವಳಿಗೆ ಅಲ್ಲಿ ಸಿಗಲಿಲ್ಲ. ಅರ್ಧ ಗಂಟೆಯಲ್ಲಿ ಭೇಟಿ ಮುಗಿಯಿತು.

ಆ ರಾತ್ರಿ ನಾನು ಅವಳ ಮನೆಯಲ್ಲೇ ಉಳಿದೆ. ಹಾಸಿಗೆ ಹಾಸುತ್ತ ಅವಳು ತಾನಾಗಿಯೇ ಅಂದಳು: "ಬೆಳಗಾಗೋದ ಬ್ಯಾಡ ಅನಸ್ತದ ನೋಡು." ಇಂಥ ಮಾತಿಗೆ ನಮ್ಮ ಬಾಯಲ್ಲಿ ಥಟ್ಟನೆ ಬರುವ ಉತ್ತರ, 'ಛೇ, ಹಾಗೆಲ್ಲ ಅನ್ನಬಾರದು' ಎಂಬುದು. ಅದು ಪ್ರೀತಿಯ ಮಾತೇ ಆದರೂ ಹೇಳುವವರ ಬಾಯಿ ಮುಚ್ಚಿಸುತ್ತದೆ. ಸಾವಿನ ಯೋಚನೆಯ ಬಗ್ಗೆ ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಲೆಗೆ ಹಾಕಿದಂತಾಗುವುದಿಲ್ಲ, ಕೇಳುವುದೇ ಸರಿಯೆಂದು ಮನೋವೈದ್ಯರು ಹೇಳುತ್ತಾರೆ. ಆದ್ದರಿಂದ ಕೇಳಿದೆ: "ಅಕ್ಕಾ, ಜೀವಕ್ಕ ಏನರ ಮಾಡಿಕೋಬೇಕು ಅನಸ್ತದೇನು?" ಅವಳು ಬಹಳ ಹೊತ್ತು ಸುಮ್ಮನಿದ್ದಳು. "ಹಂಗ ಮಾಡಿಕೊಳ್ಳೂದಿಲ್ಲೋ. ಆದರ ಸಾಕಾಗ್ಯದ," ಎಂದಳು. ಆಮೇಲೆ ಎರಡು ವರ್ಷದ ಮಾತೆಲ್ಲ ಹೊರಬಂತು. ನನ್ನ ಪಾಲಿಗಿದ್ದ ಕೆಲಸ ನಡುವೆ ಬಾಯಿ ಹಾಕದಿರುವುದೊಂದೇ.

ಮರುದಿನ 14416ಕ್ಕೆ ಕರೆ ಮಾಡಿದೆವು. ಅದು ಟೆಲಿ-ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭಿಸಿದ ಉಚಿತ ದೂರವಾಣಿ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಆರಿಸಿಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡವೂ ಇದೆ. ಅಕ್ಕ ಫೋನು ಹಿಡಿದು ಒಳಕೋಣೆಗೆ ಹೋದಳು. ಬಾಗಿಲಾಚೆಯಿಂದ 'ಹಳಹಳಿ' ಎಂಬ ಮಾತು ಒಮ್ಮೆ ಕೇಳಿಸಿತು. ಆಚೆಯವರು ಅದರ ಅರ್ಥ ಕೇಳಿದಂತೆ ತೋರಲಿಲ್ಲ. ಅವರ ಸಲಹೆಯಂತೆ ಹತ್ತಿರದ ಮನೋವೈದ್ಯರನ್ನು ಕಂಡೆವು. ಈ ಬಾರಿ ಅವಳ ಮಾತನ್ನು ಅವಳಿಂದಲೇ ಕನ್ನಡದಲ್ಲಿ ಕೇಳಿ, ಅವಳೆದುರೇ ಹಿಂದಿಯಲ್ಲಿ ಹೇಳುವ ಕೆಲಸ ನನ್ನದಾಯಿತು. ವೈದ್ಯರು ಅದನ್ನು ಖಿನ್ನತೆ ಎಂದರು. ಗುಳಿಗೆಯ ಗುಣ ಕಾಣಲು ಕೆಲವು ವಾರಗಳೇ ಬೇಕು, ನಡುವೆ ತಾವಾಗಿ ಬಿಡಬಾರದು ಎಂದೂ ಹೇಳಿದರು.

ನಮ್ಮ ಭಾಷೆಗೆ ಮನಸ್ಸಿನ ಕಾಯಿಲೆಯನ್ನು ಕುರಿತು ಮಾತಾಡಲು ಬಾರದೆಂದು ಯಾರೂ ತಿಳಿಯಬೇಕಿಲ್ಲ. 'ಕೊರವಂಜಿ'ಯ ಮೂಲಕ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನೋವೈದ್ಯಕೀಯವನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ದಶಕಗಳಿಂದ ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ಬರೆಯುತ್ತ ಬಂದಿದ್ದಾರೆ. ಹೊರನಾಡಿನಲ್ಲಿರುವ ನಮಗೆ ಕೊರತೆಯಿರುವುದು ಆ ಮಾತುಗಳನ್ನು ಕೇಳಿಸಿಕೊಳ್ಳುವ ಕಿವಿಗಳದು.

ದಿನನಿತ್ಯದ ಬೇಸರಕ್ಕೆಲ್ಲ ವೈದ್ಯರು ಬೇಕಿಲ್ಲ. ಬಹುಪಾಲು ಬೇಸರ ಒಂದು ನಿದ್ದೆಯಲ್ಲೋ ಒಂದು ಹರಟೆಯಲ್ಲೋ ಕರಗುತ್ತದೆ. ಆದರೆ ಎರಡು ವಾರ ಕಳೆದರೂ ಕರಗದೆ, ನಿದ್ದೆ, ಹಸಿವು, ಇಷ್ಟದ ಕೆಲಸ ಎಲ್ಲವನ್ನೂ ಹಿಡಿದುಕೊಂಡಿದ್ದರೆ ನೆರವು ಕೇಳಬೇಕು. ಬದುಕು ಬೇಡವೆಂಬ ಮಾತು ಬಂದರೆ ಎರಡು ದಿನವೂ ಕಾಯಬಾರದು. 'ಊಟ ಆಯಿತೇ' ಎಂದು ನಾವೆಲ್ಲರೂ ಕೇಳುತ್ತೇವೆ. 'ರಾತ್ರಿ ನಿದ್ದೆ ಬಂತೇ' ಎಂದೂ ಕೇಳಿ, ಉತ್ತರ ಮುಗಿಯುವವರೆಗೆ ಕಾಯುವುದು ಕಷ್ಟದ ಕೆಲಸವೇನಲ್ಲ.

ಅಕ್ಕನಿಗೆ ಈಗಲೂ ಕೆಲವು ಬೆಳಗುಗಳು ಭಾರವೇ. ಆದರೆ ಅವಳು ಈಗ ಬರೀ 'ಬ್ಯಾಸರ' ಎನ್ನುವುದಿಲ್ಲ. ಇಂದು ಹಳಹಳಿ, ಇಂದು ಬರೀ ದಣಿವು, ಇಂದು ಭಾವನವರ ನೆನಪು ಎಂದು ಬೇರೆಬೇರೆಯಾಗಿ ಹೇಳುತ್ತಾಳೆ. ಅವಳು ಮೊದಲು ಬಿಟ್ಟದ್ದು ಮಹಿಳಾ ಮಂಡಳದ ಭಜನೆಯನ್ನು. ಯಾಕೆ ಬರಲಿಲ್ಲವೆಂದು ಅಲ್ಲಿಂದ ಯಾರೂ ವಿಚಾರಿಸಲಿಲ್ಲ. ನಮ್ಮ ಬಳಗದ ತಿಂಗಳ ಸಭೆಗೂ ತಪ್ಪದೆ ಬರುತ್ತಿದ್ದ ಕೆಲವರು ಈಚೆಗೆ ಕಾಣುತ್ತಿಲ್ಲ. ಈ ಭಾನುವಾರದಿಂದ ಅವರಿಗೆ ಒಬ್ಬೊಬ್ಬರಂತೆ ಫೋನ್ ಮಾಡೋಣ.