ಅಪ್ಪಣೆ ಕೇಳುವ ಕಸುಬು

ಅಮೆರಿಕದ ಓಹಾಯೋದಲ್ಲಿ ಯಾರಿಗೋ ಸೊಂಟ ಹಿಡಿದುಕೊಂಡರೆ ಮೈಸೂರಿನ ಕುವೆಂಪುನಗರದಲ್ಲಿ ನನಗೆ ಕೆಲಸ ಬರುತ್ತದೆ. ಅವರ ಡಾಕ್ಟರು ಎಂಆರ್‌ಐ ಮಾಡಿಸಿ ಎನ್ನುತ್ತಾರೆ. ಅವರ ವಿಮಾ ಕಂಪನಿ, ಮೊದಲು ನಮ್ಮನ್ನು ಕೇಳಿ ಎನ್ನುತ್ತದೆ. ಆ ಕೇಳುವವಳು ನಾನು. ಈ ಕೆಲಸಕ್ಕೆ ಪ್ರಯರ್ ಆಥರೈಸೇಷನ್ ಎಂದು ಹೆಸರು; ನಮ್ಮ ಬಾಯಲ್ಲಿ ಬರೀ 'ಆಥ್'. ಡಾಕ್ಟರು ಚೀಟಿ ಬರೆದಿರಲಿ, ರೋಗಿ ಪ್ರೀಮಿಯಂ ಕಟ್ಟಿರಲಿ, ಯಂತ್ರ ಖಾಲಿಯೇ ಇರಲಿ, ಆಥ್ ನಂಬರ್ ಬರುವ ತನಕ ರೋಗಿ ಕಾಯಬೇಕು. ಅವಸರಪಟ್ಟು ಸ್ಕ್ಯಾನ್ ಮುಗಿಸಿದರೆ ಆಸ್ಪತ್ರೆಯ ಬಿಲ್ಲು ಸಿಒ-197 ಎಂಬ ಸಂಕೇತ ಹೊತ್ತು ಮರಳಿ ಬರುತ್ತದೆ. ಅಪ್ಪಣೆ ಪಡೆದಿಲ್ಲ, ಆದ್ದರಿಂದ ದುಡ್ಡಿಲ್ಲ ಎಂದು ಅದರ ಅರ್ಥ.

ನಾನು ಓದಿದ್ದು ಫಾರ್ಮಸಿ. ಮೊದಲು ಬೆಂಗಳೂರಿನ ಒಂದು ಕಂಪನಿಯಲ್ಲಿ ರಾತ್ರಿಪಾಳಿ ಮಾಡುತ್ತಿದ್ದೆ. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಅದೇ ಕೆಲಸವನ್ನು ಮನೆಯಿಂದಲೇ, ಗುತ್ತಿಗೆಯ ಮೇಲೆ ಮಾಡುತ್ತಿದ್ದೇನೆ. ಕೇಸಿಗೆ ಇಷ್ಟು ಎಂದು ಲೆಕ್ಕ. ಪಿಎಫ್ ಇಲ್ಲ, ಬೋನಸ್ ಇಲ್ಲ. ಟಿಡಿಎಸ್ ಮಾತ್ರ ತಪ್ಪದೆ ಕಡಿತವಾಗುತ್ತದೆ. ಕಂಡವರಿಗೆಲ್ಲ ವಿಮೆಯ ಅಪ್ಪಣೆ ಕೊಡಿಸುವ ನನಗೆ ಕಂಪನಿಯ ಆರೋಗ್ಯ ವಿಮೆಯೂ ಇಲ್ಲ. ದಿನವಿಡೀ ಅಪ್ಪಣೆ ಕೇಳುವವಳು ರಜೆಗೆ ಮಾತ್ರ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಬೇಕೆಂದಾಗ ಹಾಕಬಹುದು, ಆ ದಿನದ ದುಡ್ಡು ಬರುವುದಿಲ್ಲ, ಅಷ್ಟೆ.

ಓಹಾಯೋದ ಕ್ಲಿನಿಕ್ಕುಗಳು ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯುವಾಗ ಚಳಿಗಾಲದಲ್ಲಿ ನಮ್ಮಲ್ಲಿ ಸಂಜೆ 6.30. ಅತ್ತೆ ದೇವರಿಗೆ ದೀಪ ಹಚ್ಚುತ್ತಾರೆ, ನಾನು ಲ್ಯಾಪ್‌ಟಾಪ್ ಹಚ್ಚುತ್ತೇನೆ. ಮಾರ್ಚ್‌ನಲ್ಲಿ ಅವರು ಗಡಿಯಾರದ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರೆ ನಮ್ಮ ಮನೆಯ ಸಾರು ಒಂದು ಗಂಟೆ ಮೊದಲೇ ಕುದಿಯಬೇಕು; ನವೆಂಬರಿನಲ್ಲಿ ಮತ್ತೆ ಹಿಂದಕ್ಕೆ. ಊರಿಗೆ ಊರೇ ದಸರೆಯ ದೀಪ ನೋಡಲು ಹೊರಟ ಹೊತ್ತಿಗೆ ನಾನು ಯಾರದೋ ಮಂಡಿಯ ಎಕ್ಸ್‌-ರೇ ವರದಿ ಅಪ್‌ಲೋಡ್ ಮಾಡುತ್ತಿರುತ್ತೇನೆ.

ಕೆಲಸದ ಕೋಣೆಯ ಬಾಗಿಲು ಹಾಕಿಯೇ ಇರಬೇಕು. ರೋಗಿಯ ವಿವರ ಹೊರಗೆ ಹೋಗಬಾರದೆಂದು ಅಮೆರಿಕದಲ್ಲಿ 1996ರಿಂದಲೂ ಹಿಪಾ ಎಂಬ ಕಾನೂನಿದೆ. ಅದರ ದೆಸೆಯಿಂದ ನನ್ನ ಮೇಜಿನ ಮೇಲೆ ಕಾಗದ, ಪೆನ್ನು, ಮೊಬೈಲು ಯಾವುದೂ ಇರುವಂತಿಲ್ಲ. ಅತ್ತೆಗೆ ಈ ಗುಟ್ಟು ಸಹಿಸುವುದಿಲ್ಲ.

"ಇವತ್ತು ಯಾರಿಗೆ ಏನಾಗಿದೆಯಂತೆ?" ಎಂದು ಊಟ ಬಡಿಸುತ್ತಾ ಕೇಳುತ್ತಾರೆ.

"ಹೇಳಬಾರದು ಅತ್ತೆ."

"ನನಗೆ ಹೇಳಿದ್ರೆ ನಾನೇನು ಅಮೆರಿಕಕ್ಕೆ ಹೋಗಿ ಡಂಗುರ ಸಾರ್ತೀನಾ?"

ಆದರೂ ಬೀದಿಯಲ್ಲಿ ಸೊಸೆಯ ಪ್ರತಾಪ ಹೇಳಿಕೊಂಡಿದ್ದಾರೆ. ಒಮ್ಮೆ ಪಕ್ಕದ ಮನೆಯವರು ಬಂದು, "ನಮ್ಮ ಭಾವನಿಗೂ ಒಂದು ಎಂಆರ್‌ಐ ಮಂಜೂರು ಮಾಡಿಸ್ಕೊಡಿ" ಎಂದರು. ಮಂಜೂರು ಮಾಡುವವಳು ನಾನಲ್ಲ, ಅರ್ಜಿ ಗುಜರಾಯಿಸುವವಳು ಎಂದು ತಿಳಿಸಿ ಹೇಳುವಷ್ಟರಲ್ಲಿ ಕಾಫಿ ಆರಿತ್ತು.

ಈ ಅರ್ಜಿಯಲ್ಲಿ ಕಾಯಿಲೆಗೆ ಹೆಸರಿಲ್ಲ, ನಂಬರಿದೆ. ಅಮೆರಿಕದ ಆಸ್ಪತ್ರೆಗಳು 2015ರ ಅಕ್ಟೋಬರ್‌ನಿಂದ ಬಳಸುತ್ತಿರುವ ಐಸಿಡಿ-10 ಪಟ್ಟಿಯಲ್ಲಿ ಸುಮಾರು 70 ಸಾವಿರ ಸಂಕೇತಗಳಿವೆ. ಬಾತುಕೋಳಿ ಬಂದು ಹೊಡೆದರೆ ಅದಕ್ಕೊಂದು ಸಂಕೇತ. ವಿಮಾನದ ಎಂಜಿನ್ ಒಳಗೆ ಸೆಳೆದುಕೊಂಡರೆ ಇನ್ನೊಂದು. ಹಾಗೆ ಸಿಕ್ಕಿಕೊಂಡವರು ಬದುಕಿ, ಚಿಕಿತ್ಸೆ ಮುಂದುವರಿಸಲು ಮತ್ತೆ ಬಂದರೆ ಅದಕ್ಕೂ ಬೇರೆಯೊಂದು. ಇಂಥ ಅಪರೂಪದವರು ನನ್ನ ಪಾಲಿಗೆ ಬಂದಿಲ್ಲ. ನನಗೆ ಬರುವುದೆಲ್ಲ ಸೊಂಟ, ಮಂಡಿ, ಭುಜ. ಸೊಂಟ ನೋವಿಗೆ ಮೊದಲು ಎಂ54.5 ಎಂದರೆ ಸಾಕಿತ್ತು. 2021ರ ಅಕ್ಟೋಬರ್‌ನಲ್ಲಿ ಅದನ್ನು ರದ್ದು ಮಾಡಿ ಮೂರು ಹೋಳು ಮಾಡಿದರು. ಈಗ ಹಳೆಯ ನಂಬರ್ ಹಾಕಿದರೆ ಅರ್ಜಿ ತಿರುಗಿ ಬರುತ್ತದೆ. ಸೊಂಟ ಹಳೆಯದೇ, ನೋವೂ ಹಳೆಯದೇ. ಆದರೆ ಆ ನಂಬರಿನ ನೋವು ಈಗ ದಾಖಲೆಯಲ್ಲಿಲ್ಲ.

ನಂಬರ್ ಹೊಂದಿದ ಮೇಲೆ ನಿಜವಾದ ಕಸುಬು ಶುರು. ಸೊಂಟದ ಎಂಆರ್‌ಐಗೆ ಒಪ್ಪಿಗೆ ಬೇಕಾದರೆ ಸಾಮಾನ್ಯವಾಗಿ ಆರು ವಾರ ಮಾತ್ರೆ, ಫಿಸಿಯೋಥೆರಪಿ ಮಾಡಿಯೂ ನೋವು ಇಳಿದಿಲ್ಲ ಎಂದು ದಾಖಲೆ ತೋರಿಸಬೇಕು. ಕಾಲು ಸೋಲುತ್ತಿದ್ದರೆ, ಮೂತ್ರ ಹಿಡಿತ ತಪ್ಪಿದ್ದರೆ ಆರು ವಾರ ಕಾಯಬೇಕಾಗಿಲ್ಲ. ಇದೆಲ್ಲ ರೋಗಿಗೆ ಗೊತ್ತಿರುತ್ತದೆ, ಡಾಕ್ಟರಿಗೂ ಗೊತ್ತಿರುತ್ತದೆ, ಬರೆದಿರುವುದಿಲ್ಲ. ಬರೆದಿದ್ದರೂ ಬೇಕಾದ ಕಡೆ ಬರೆದಿರುವುದಿಲ್ಲ. ಇಪ್ಪತ್ತು ಮೂವತ್ತು ಪುಟದ ಟಿಪ್ಪಣಿಯಲ್ಲಿ ಒಂದು ಸಾಲು ಹುಡುಕುವುದೆಂದರೆ ಕಲ್ಲಿನಲ್ಲಿ ಅಕ್ಕಿ ಆರಿಸಿದ ಹಾಗೆ. ಎಷ್ಟೋ ಸಲ ಆ ಸಾಲು ಸಿಗುವುದು ಡಾಕ್ಟರ ಬರಹದಲ್ಲಲ್ಲ, ಫೋನ್ ಎತ್ತಿದ ನರ್ಸ್ ಗುರುತು ಹಾಕಿಕೊಂಡ ಕಡೆ: ಮೆಟ್ಟಿಲು ಹತ್ತುವಾಗ ಬಲಗಾಲು ಮಡಚಿಕೊಂಡು ಬಿತ್ತಂತೆ. ನಾನು ಒಂದಕ್ಷರ ಸೇರಿಸುವಂತಿಲ್ಲ, ಇದ್ದದ್ದನ್ನು ಎತ್ತಿ ಮುಂದಿಡಬಹುದು. ಅದನ್ನು ಮುಂದಿಟ್ಟ ಕಾರಣಕ್ಕೇ ಒಪ್ಪಿಗೆ ಬಂದ ರಾತ್ರಿ, ಕೇಸಿನ ದರ ಅಷ್ಟೇ ಇದ್ದರೂ, ನಿದ್ದೆ ಚೆನ್ನಾಗಿ ಬರುತ್ತದೆ.

ಕಳಿಸುವ ದಾರಿಯೂ ವಿಚಿತ್ರ. ಕೆಲವು ಕಂಪನಿಗಳಿಗೆ ಪೋರ್ಟಲ್ ಇದೆ. ಕೆಲವಕ್ಕೆ ಇವತ್ತಿಗೂ ಫ್ಯಾಕ್ಸೇ ಆಗಬೇಕು. ನಮ್ಮ ಬೀದಿಯ ಎಸ್‌ಟಿಡಿ ಬೂತಿನ ಜೊತೆಗೇ ಹೋಯಿತೆಂದುಕೊಂಡಿದ್ದ ಫ್ಯಾಕ್ಸು ಅಮೆರಿಕದ ವೈದ್ಯಲೋಕದಲ್ಲಿ ಗಟ್ಟಿಮುಟ್ಟಾಗಿದೆ. ಫೋನ್ ಮಾಡಿದರೆ ಮುಕ್ಕಾಲು ಗಂಟೆ ಸಂಗೀತ. ಅದು ನಿಂತು ಮನುಷ್ಯರ ದನಿ ಕೇಳಿದಾಗ ಆಗುವ ಸಂತೋಷ ಅಷ್ಟಿಷ್ಟಲ್ಲ.

'ಇಲ್ಲ' ಎಂಬ ಉತ್ತರವೂ ಬರುತ್ತದೆ. ಆಗ ಡಾಕ್ಟರು ವಿಮಾ ಕಂಪನಿಯ ಡಾಕ್ಟರ ಜೊತೆ ಫೋನಿನಲ್ಲಿ ವಾದಿಸಬಹುದು, ಇಲ್ಲವೇ ಮೇಲ್ಮನವಿ ಸಲ್ಲಿಸಬಹುದು. ಕೆಎಫ್‌ಎಫ್ ಎಂಬ ಆರೋಗ್ಯ ನೀತಿ ಸಂಸ್ಥೆ ಅಲ್ಲಿನ ಹಿರಿಯರ ಮೆಡಿಕೇರ್ ಅಡ್ವಾಂಟೇಜ್ ವಿಮೆಯ 2023ರ ಲೆಕ್ಕ ತೆಗೆದಿತ್ತು. ಸುಮಾರು 5 ಕೋಟಿ ಅರ್ಜಿಗಳಲ್ಲಿ 32 ಲಕ್ಷಕ್ಕೆ ಪೂರ್ತಿಯಾಗಿಯೋ ಅರ್ಧಂಬರ್ಧವಾಗಿಯೋ ನಿರಾಕರಣೆ. ಅದರಲ್ಲಿ ಮೇಲ್ಮನವಿಗೆ ಹೋದವು ಶೇ 11.7 ಮಾತ್ರ. ಹಾಗೆ ಹೋದವುಗಳಲ್ಲಿ ಶೇ 81.7ರಲ್ಲಿ ಮೊದಲಿನ ತೀರ್ಮಾನ ಪೂರ್ತಿಯಾಗಿಯೋ ಭಾಗಶಃವೋ ಬಿದ್ದುಹೋಯಿತು. ಅಳದ ಮಗುವಿಗೆ ಹಾಲಿಲ್ಲ ಎಂಬ ನಮ್ಮ ಗಾದೆಗೆ ಅಮೆರಿಕನ್ನರು ಅಂಕಿಅಂಶ ಒದಗಿಸಿದ್ದಾರೆ. 2026ರ ಜನವರಿಯಿಂದ ಅಲ್ಲಿನ ಸರ್ಕಾರಿ ಯೋಜನೆಗಳ ವಿಮೆಗಳು ಪರೀಕ್ಷೆ, ಚಿಕಿತ್ಸೆಗಳ ತುರ್ತು ಅರ್ಜಿಗೆ 72 ಗಂಟೆಯಲ್ಲಿ, ಉಳಿದವಕ್ಕೆ 7 ದಿನದಲ್ಲಿ ಉತ್ತರ ಕೊಡಬೇಕು. ಬೇಡ ಎಂದರೆ ಏಕೆ ಬೇಡ ಎಂದೂ ಬಿಡಿಸಿ ಹೇಳಬೇಕು.

ಈ ವಿದ್ಯೆ ಮನೆಗೂ ಒದಗಿತು. ಅತ್ತೆಗೆ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆ ಆದಾಗ ಕ್ಯಾಶ್‌ಲೆಸ್ ಅರ್ಜಿಗೆ 'ಕ್ವೆರಿ' ಬಂತು: ಬಿಪಿ ಎಷ್ಟು ವರ್ಷದಿಂದ ಇದೆ? ಆಸ್ಪತ್ರೆಯಲ್ಲಿ ವಿಮೆ ನೋಡಿಕೊಳ್ಳುವ ಟಿಪಿಎ ಡೆಸ್ಕಿನ ಮುಂದೆ ನಮ್ಮವರು ಬೆವರುತ್ತಿದ್ದರು. ನಾನು ಹಳೆಯ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಬಿಪಿಗೂ ಪಿತ್ತಕೋಶದ ಕಲ್ಲಿಗೂ ಸಂಬಂಧವಿಲ್ಲ ಎಂದು ಡಾಕ್ಟರಿಂದ ಎರಡು ಸಾಲು ಬರೆಸಿ ಕಳಿಸಿದೆ. ಸಂಜೆಯೊಳಗೆ ಒಪ್ಪಿಗೆ ಬಂತು. "ನಿನ್ನ ಬಾಗಿಲು ಹಾಕೋ ಕೆಲಸದಿಂದ ಉಪಯೋಗ ಇದೆ ಕಣಮ್ಮ" ಎಂದರು ಅತ್ತೆ.

ನಮ್ಮಲ್ಲೂ ನಿಯಮ ಸಡಿಲವಾಗಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ, ಡಿಸ್ಚಾರ್ಜ್ ಹೊತ್ತಿನ ಅಂತಿಮ ಒಪ್ಪಿಗೆಗೆ 3 ಗಂಟೆಯೊಳಗೆ ಉತ್ತರ ಬರಬೇಕು. ಆದರೆ 'ರಿಜೆಕ್ಟ್ ಆಯ್ತಂತೆ' ಎಂದು ಕೌಂಟರಿನವರು ಅಂದ ಕೂಡಲೇ ನಾವು ಒಡವೆ ಅಡವಿಡಲು ಓಡುತ್ತೇವೆ. ಓಡಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ. ಅದಕ್ಕೆ ಉತ್ತರವಾಗುವ ಕಾಗದವನ್ನು ಡಾಕ್ಟರಿಂದ ಬರೆಸಿ ಮತ್ತೆ ಕಳಿಸಿ. ಆಗಲೂ ಒಪ್ಪದಿದ್ದರೆ ಕಂಪನಿಗೆ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿಗೆ ಹೋಗಿ. ಬೆಂಗಳೂರಿನಲ್ಲೇ ಅವರ ಕಚೇರಿ ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.