ಚಿಪ್ಪಿನ ಕಾಂಕ್ರೀಟು ಮತ್ತು ಹೂಡಿಯ ಮಳೆನೀರು



ಕುಮಟೆಯ ಕಡೆ ನಾನು ವಿಜ್ಞಾನ ಕಲಿಸುತ್ತಿದ್ದಾಗ ಶಿಷ್ಯನಾಗಿದ್ದು, ಈಗ ಇಂಜಿನಿಯರಾಗಿರುವವನೊಬ್ಬ ಕೇಳಿದ ಪ್ರಶ್ನೆ ಇದು: "ಕಡಲ ಚಿಪ್ಪಿನ ನುಚ್ಚನ್ನು ಬೆರೆಸಿ ನೀರು ಇಂಗುವ ಕಾಂಕ್ರೀಟು ಮಾಡುತ್ತಾರಂತೆ. ನಿಮ್ಮ ಹೂಡಿಯ ಅಂಗಳಕ್ಕೂ ಹಾಕಿಸಬಹುದಲ್ಲವೇ?" ನಮ್ಮ ಬಡಾವಣೆಯಲ್ಲಿ ಉಳಿದಿರುವ ಮಣ್ಣಿನ ಅಂಗಳಕ್ಕೆ ಕಾಂಕ್ರೀಟು ಹಾಸುವ ಮಾತು ನಡೆದಿರುವುದರಿಂದ ಈ ಪ್ರಶ್ನೆಗೆ ಎಲ್ಲರಿಗೂ ತಿಳಿಯುವಂತೆ ಉತ್ತರಿಸುವುದು ಒಳ್ಳೆಯದೆನಿಸಿತು.

ಸಾಮಾನ್ಯ ಕಾಂಕ್ರೀಟಿನಲ್ಲಿ ಜಲ್ಲಿಯ ಸಂದುಗಳನ್ನು ಮರಳು ತುಂಬುತ್ತದೆ. ಮರಳನ್ನು ಬಹುಪಾಲು ಕೈಬಿಟ್ಟು, ಒಂದೇ ಗಾತ್ರದ ಜಲ್ಲಿಗೆ ಸಿಮೆಂಟಿನ ಪಾಕ ಸವರಿದರೆ ಸಂದುಗಳು ತೆರೆದೇ ಉಳಿಯುತ್ತವೆ. ಪುರಿಯುಂಡೆಯನ್ನು ನೆನೆಸಿಕೊಳ್ಳಿ, ಬೆಲ್ಲದ ಪಾಕ ಪುರಿಯನ್ನು ಅಂಟಿಸುತ್ತದೆಯೇ ಹೊರತು ಎಡೆಗಳನ್ನು ಮುಚ್ಚುವುದಿಲ್ಲ. ಇಂತಹ ಕಾಂಕ್ರೀಟಿನಲ್ಲಿ ಸಾಮಾನ್ಯವಾಗಿ ಶೇಕಡಾ 15ರಿಂದ 25ರಷ್ಟು ಬರಿಯ ಸಂದೇ ಇರುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. 100 ಚದರ ಮೀಟರ್ ಅಂಗಳದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರಾಗುತ್ತದೆ. ಶೇಕಡಾ 20ರಷ್ಟು ಸಂದಿರುವ, 15 ಸೆಂಟಿಮೀಟರ್ ದಪ್ಪದ ಹಾಸು ಅಂತಹ 3,000 ಲೀಟರ್ ನೀರನ್ನು ತನ್ನೊಳಗೆ ತಡೆದುಕೊಂಡು ನಿಧಾನವಾಗಿ ನೆಲಕ್ಕೆ ಬಿಡಬಲ್ಲುದು.

ಈ ಜಲ್ಲಿಯ ಒಂದು ಭಾಗಕ್ಕೆ ಬದಲಾಗಿ ಚಿಪ್ಪಿನ ನುಚ್ಚನ್ನು ಬಳಸುವ ಪ್ರಯೋಗಗಳು ಫ್ರಾನ್ಸಿನ ಕಾನ್ ನಗರದಲ್ಲಿ ನಡೆದಿವೆ. ಅದರ ಬಾಳಿಕೆಯ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಚಿಪ್ಪು ಬಹುಪಾಲು ಸುಣ್ಣಕಲ್ಲಿನ ದ್ರವ್ಯವೇ ಆದ ಕ್ಯಾಲ್ಸಿಯಂ ಕಾರ್ಬೋನೇಟು. ಅದಕ್ಕಂಟಿದ ಮಾಂಸದ ಅಂಶ ಸಿಮೆಂಟು ಗಟ್ಟಿಯಾಗುವುದನ್ನು ತಡಮಾಡುತ್ತದೆ, ಉಪ್ಪು ಕಬ್ಬಿಣವನ್ನು ತಿನ್ನುತ್ತದೆ; ಆದುದರಿಂದ ಚೆನ್ನಾಗಿ ತೊಳೆಯಬೇಕು. ಇಂಗುವ ಹಾಸಿನಲ್ಲಿ ಸಾಮಾನ್ಯವಾಗಿ ಕಬ್ಬಿಣವಿರುವುದಿಲ್ಲವೆಂಬುದು ಒಂದು ಅನುಕೂಲ. ಚಪ್ಪಟೆಯಾದ ಚೂರುಗಳಿಂದ ಬಲ ತುಸು ತಗ್ಗುವುದರಿಂದ ಕಾಲುದಾರಿಗೂ ಅಂಗಳಕ್ಕೂ ಇದು ತಕ್ಕುದು, ಲಾರಿ ಓಡುವ ರಸ್ತೆಗಲ್ಲ.

ನಮ್ಮ ನಾಡಿನಲ್ಲಿ ಚಿಪ್ಪೆಂದರೆ ನನಗೆ ನೆನಪಾಗುವುದು ಅಘನಾಶಿನಿಯ ಅಳಿವೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಕೆಸರಿನಲ್ಲಿ ಬಳಚು ಆಯುತ್ತಾರೆ. ಮಾಂಸ ಅಡುಗೆಗೆ, ಚಿಪ್ಪು ಸುಣ್ಣಕ್ಕೆ. ಕರಾವಳಿಯ ವೀಳ್ಯಕ್ಕೆ ಚಿಪ್ಪಿನ ಸುಣ್ಣವೇ ಮೇಲು. ಆದರೆ 100 ಕಿಲೋ ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟನ್ನು ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ನುಚ್ಚು ಮಾಡಿ ಕಾಂಕ್ರೀಟಿಗೆ ಹಾಕಿದರೆ ಆ ಇಂಗಾಲ ಚಿಪ್ಪಿನಲ್ಲಿಯೇ ಉಳಿಯುತ್ತದೆ. ಹಾಗೆಂದು ನದಿಯ ತಳದಲ್ಲಿರುವ ಚಿಪ್ಪನ್ನು ತೋಡಿ ತೆಗೆಯಬಾರದು. ಅದು ಕಸವಲ್ಲ, ಅಳಿವೆಯ ಜೀವನೆಲೆ. 2024ರಲ್ಲಿ ಆ ಅಳಿವೆ ರಾಮ್ಸಾರ್ ಜೌಗುಪ್ರದೇಶವೆಂದು ಘೋಷಿತವಾಯಿತು. ಮನೆಗಳ ಹಿಂದೆ, ಮೀನುಪೇಟೆಗಳಲ್ಲಿ ರಾಶಿ ಬೀಳುವ ಚಿಪ್ಪಷ್ಟೇ ನಮ್ಮದು. ಅದು ಕುಮಟೆ, ಕಾರವಾರಗಳ ಕಾಲುದಾರಿಗಳಿಗೆ ಸಲ್ಲಬೇಕಾದದ್ದು.

ಹೂಡಿಗೆ? ರಸ್ತೆಯಲ್ಲಿ 400 ಕಿಲೋಮೀಟರಿಗೂ ಹೆಚ್ಚು ದೂರ ಲಾರಿಯಲ್ಲಿ ಚಿಪ್ಪು ತರಿಸಿದರೆ, ಡೀಸೆಲ್ ಸುಟ್ಟು ಪರಿಸರ ಉಳಿಸಿದಂತಾದೀತು! ಇಲ್ಲಿ ಒಡೆದ ಕಟ್ಟಡಗಳ ಅವಶೇಷಕ್ಕೆ ಬರವಿಲ್ಲ. ಅದನ್ನು ಜರಡಿ ಹಿಡಿದರೆ ಜಲ್ಲಿ ಸಿಗುತ್ತದೆ. ಕರಾವಳಿಯಿಂದ ನಾವು ಕಲಿಯಬೇಕಾದದ್ದು ಚಿಪ್ಪನ್ನಲ್ಲ, ಊರಿನ ಕಸದಿಂದಲೇ ಊರಿನ ನೆಲಕ್ಕೆ ನೀರುಣಿಸುವ ಯುಕ್ತಿಯನ್ನು.

ಇದು ಬರಿಯ ವಿಜ್ಞಾನದ ಮಾತಲ್ಲ. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರ ಭಾಗದ ಬಡಾವಣೆಗಳು ಮಳೆಯಲ್ಲಿ ಮುಳುಗಿದವು. 2024ರ ಬೇಸಗೆಯಲ್ಲಿ ಇದೇ ಭಾಗದಲ್ಲಿ ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರಿಗಾಗಿ ಕಾದರು. ಎರಡು ವರ್ಷದೊಳಗೆ ಒಂದೇ ನೆಲ ನೀರಿನಲ್ಲಿ ಮುಳುಗಿತು, ನೀರಿಲ್ಲದೆಯೂ ಸೊರಗಿತು. ಹೊಲವೂ ಕೆರೆಯಂಗಳವೂ ಹೀರುತ್ತಿದ್ದ ಮಳೆಯನ್ನು ನಾವೀಗ ಚರಂಡಿಗೆ ಅಟ್ಟುತ್ತಿದ್ದೇವೆ. ಆಮೇಲೆ ದುಡ್ಡು ಕೊಟ್ಟು ನೀರು ತರಿಸುತ್ತಿದ್ದೇವೆ.

ಇಂಗುವ ಕಾಂಕ್ರೀಟಿಗೂ ಆರೈಕೆ ಬೇಕು. ನಮ್ಮ ಕೆಮ್ಮಣ್ಣಿನ ಧೂಳು ಸಂದುಗಳನ್ನು ಮುಚ್ಚಿಬಿಡುತ್ತದೆ. ಆಗಾಗ ಗುಡಿಸಿ, ನೀರನ್ನು ರಭಸವಾಗಿ ಹಾಯಿಸಬೇಕು. ಆದುದರಿಂದ ಬಡಾವಣೆಯ ಸಭೆಯಲ್ಲಿ ನಾನು ಹೇಳಲಿರುವುದಿಷ್ಟೇ: ಮಣ್ಣು ಮಣ್ಣಾಗಿಯೇ ಉಳಿಯಲಿ, ಅದಕ್ಕಿಂತ ಅಗ್ಗವಾದ ಇಂಗುಹಾಸು ಇನ್ನೊಂದಿಲ್ಲ. ಹಿರಿಯರ ಗಾಲಿಕುರ್ಚಿಗೆ ಗಟ್ಟಿ ದಾರಿ ಬೇಕಾದಲ್ಲಿ ಮಾತ್ರ ನೀರಿಳಿಯುವ ಹಾಸು ಹಾಕೋಣ. ನಿಮ್ಮ ನಿಮ್ಮ ಊರುಗಳಲ್ಲಿ ಅಂಗಳ ಮುಚ್ಚುವ ಮುನ್ನ ನೀವೂ ಈ ಸಣ್ಣ ಲೆಕ್ಕವನ್ನು ಮಾಡಿ ನೋಡಿರಿ.